ಗೋಡೆಯೊಳಗಿನ ಒಂದು ಸ್ಕ್ರೂ: ಅಮೆರಿಕದ ಅಲ್ಯೂಮಿನಿಯಂ ವೈರಿಂಗ್ ಕಥೆ

ಭಾಗ 1/8 – ಒಂದು ಮನೆ, ಒಂದು ಸಾಕೆಟ್

1974ರ ಏಪ್ರಿಲ್ 28. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹ್ಯಾಂಪ್ಟನ್ ಬೇಸ್ ಅನ್ನೋ ಊರು. ಒಂದು ಮನೆಗೆ ಬೆಂಕಿ ಬಿತ್ತು, ಇಬ್ಬರು ತೀರಿಕೊಂಡರು. ಅಗ್ನಿಶಾಮಕ ಅಧಿಕಾರಿಗಳು ತನಿಖೆ ಮಾಡಿ ಕಾರಣ ಹೇಳಿದರು. ಒಲೆ ಅಲ್ಲ, ಸಿಗರೇಟ್ ಅಲ್ಲ. ಗೋಡೆಯಲ್ಲಿದ್ದ ಒಂದು ಸಾಕೆಟ್. ಅದರ ಹಿಂದೆ ಅಲ್ಯೂಮಿನಿಯಂ ತಂತಿ ಸೇರೋ ಜಾಗದಲ್ಲಿ ಕನೆಕ್ಷನ್ ಕೆಟ್ಟಿತ್ತು.

ಮನೆಯವರು ಏನೂ ತಪ್ಪು ಮಾಡದೆ ಇದ್ದರೂ ಇಂಥ ಬೆಂಕಿ ಬೀಳಬಹುದು. ಓವರ್‌ಲೋಡ್ ಆಗಬೇಕಿಲ್ಲ, ಶಾರ್ಟ್ ಸರ್ಕ್ಯೂಟ್ ಆಗಬೇಕಿಲ್ಲ. ಸಾಕೆಟ್‌ಗೆ ಪ್ಲಗ್ ಹಾಕಿರಬೇಕು ಅಂತಾನೂ ಇಲ್ಲ! (ಅದು ಹೇಗೆ ಅಂತ ಭಾಗ 4ರಲ್ಲಿ ನೋಡೋಣ.)

1965ರಿಂದ 1973ರ ನಡುವೆ ಅಮೆರಿಕದಲ್ಲಿ ಹೀಗೆ ಅಲ್ಯೂಮಿನಿಯಂ ತಂತಿ ಎಳೆದು ಕಟ್ಟಿದ ಮನೆಗಳು ಸುಮಾರು 20 ಲಕ್ಷ. ಅವುಗಳಲ್ಲಿ ಎಷ್ಟೋ ಇವತ್ತಿಗೂ ನಿಂತಿವೆ, ಒಳಗೆ ಜನ ಇದ್ದಾರೆ. ಮಾಸ್ಟರ್ಸ್ ಮಾಡಕ್ಕೆ ಅಂತ ಹೋಗಿರೋ ನಮ್ಮೂರ ಹುಡುಗ ಹುಡುಗಿಯರು ಕಡಿಮೆ ಬಾಡಿಗೆಗೆ ಹಿಡಿಯೋ ಹಳೇ ಅಪಾರ್ಟ್‌ಮೆಂಟ್ ಕೂಡ ಅದೇ ಕಾಲದ್ದಾಗಿರಬಹುದು.

ಅದಕ್ಕೇ ಈ ಸಲದ ಸರಣಿಯಲ್ಲಿ ರಾಜರೂ ಇಲ್ಲ, ಯುದ್ಧಭೂಮಿಯೂ ಇಲ್ಲ. ಒಂದು ಲೋಹ, ಒಂದು ಸ್ಕ್ರೂ, ಮತ್ತೆ "ಇದು ನಮ್ಮ ಕೆಲಸ ಅಲ್ಲ" ಅಂದ ಜನ, ಇಷ್ಟೇ. ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2/8 – ತಾಮ್ರ ಕೈಗೆ ಸಿಗದಿದ್ದಾಗ

ಮನೆ ವೈರಿಂಗ್ ಅಂದ್ರೆ ತಾಮ್ರ. ವಿದ್ಯುತ್ ಮನೆಗಳಿಗೆ ಬಂದ ದಿನದಿಂದ ಇದೇ ರೂಢಿ. ಹಾಗಂತ ಅಲ್ಯೂಮಿನಿಯಂ ವಿದ್ಯುತ್ ಲೋಕಕ್ಕೆ ಹೊಸಬ ಏನಲ್ಲ. ಊರಿಂದ ಊರಿಗೆ ಹೋಗೋ ದೊಡ್ಡ ಲೈನ್‌ಗಳಲ್ಲಿ 20ನೇ ಶತಮಾನದ ಆರಂಭದಿಂದಲೇ ಅದರ ಬಳಕೆ ಇತ್ತು. ಕಾರಣ ತೂಕ. ಒಂದೇ ಗಾತ್ರದ ತುಂಡು ತಗೊಂಡ್ರೆ ಅಲ್ಯೂಮಿನಿಯಂ ತೂಕ ತಾಮ್ರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ವಿದ್ಯುತ್ ಹರಿಸೋ ಶಕ್ತಿ ಮಾತ್ರ ತಾಮ್ರದ ಸುಮಾರು 61%. ಅಂದ್ರೆ ತಂತಿ ಸ್ವಲ್ಪ ದಪ್ಪ ಮಾಡಿದ್ರೆ ಸಾಕು, ಆಗಲೂ ಹಗುರ, ಆಗಲೂ ಅಗ್ಗ.

1960ರ ದಶಕದ ಮಧ್ಯದಲ್ಲಿ ಲೆಕ್ಕ ಬದಲಾಯ್ತು. ವಿಯೆಟ್ನಾಂ ಯುದ್ಧಕ್ಕೆ ತಾಮ್ರ ಬೇಕು. ಮನೆ ಕಟ್ಟೋರಿಗೆ ತಾಮ್ರ ಬೇಕು. ಬೆಲೆ ಏರಿತು, ಮಾಲು ಸಿಗೋದೇ ಕಷ್ಟ ಆಯ್ತು. ಸಾಲದು ಅಂತ 1967ರ ಜುಲೈನಲ್ಲಿ ಅಮೆರಿಕದ ತಾಮ್ರ ಕಾರ್ಮಿಕರು ಮುಷ್ಕರ ಹೂಡಿದರು. ಅದು ಮುಗಿದಿದ್ದು ಎಂಟು ತಿಂಗಳು ದಾಟಿದ ಮೇಲೆ, 1968ರಲ್ಲಿ.

ಅದೇ ಹೊತ್ತಿಗೆ ನಗರಗಳ ಹೊರಗೆ ಹೊಸ ಬಡಾವಣೆಗಳು ಸಾಲು ಸಾಲಾಗಿ ಏಳ್ತಾ ಇದ್ದವು. ಒಂದೊಂದು ಮನೆಯಲ್ಲಿ ಉಳಿಯೋ ದುಡ್ಡು ಚಿಕ್ಕದು, ಸಾವಿರ ಮನೆಗೆ ಗುಣಿಸಿದ್ರೆ ದೊಡ್ಡದು. ಬಿಲ್ಡರ್‌ಗಳು ಅಲ್ಯೂಮಿನಿಯಂ ಕಡೆ ತಿರುಗಿದರು. ಇದರಲ್ಲಿ ಕಳ್ಳತನ ಏನೂ ಇರಲಿಲ್ಲ, ನಿಯಮ ಒಪ್ಪಿಗೆ ಕೊಟ್ಟಿತ್ತು. 15 ಆಂಪಿಯರ್ ಸರ್ಕ್ಯೂಟ್‌ಗೆ ತಾಮ್ರ ಆದ್ರೆ 14ನೇ ನಂಬರ್ ತಂತಿ, ಅಲ್ಯೂಮಿನಿಯಂ ಆದ್ರೆ ಅದಕ್ಕಿಂತ ದಪ್ಪದ 12ನೇ ನಂಬರ್. (ಅವರ ಗೇಜ್ ಲೆಕ್ಕದಲ್ಲಿ ನಂಬರ್ ಕಮ್ಮಿ ಆದಷ್ಟೂ ತಂತಿ ದಪ್ಪ.)

ಕಾಗದದ ಮೇಲೆ ಎಲ್ಲ ಸರಿ ಇತ್ತು. ತಂತಿ ಬದಲಾಗಿತ್ತು, ದಪ್ಪಾನೂ ಲೆಕ್ಕ ಹಾಕಿಯೇ ಹೆಚ್ಚಿಸಿದ್ದರು. ಆದ್ರೆ ಆ ತಂತಿ ಹೋಗಿ ಸೇರೋ ಸಾಕೆಟ್? ಅದು ಬಹುಪಾಲು ಹಳೇದೇ. ತಾಮ್ರಕ್ಕೆ ಅಂತ ರೂಪಿಸಿದ್ದು.

ಭಾಗ 3/8 – ಎತ್ತು ಏರಿಗೆ, ಕೋಣ ನೀರಿಗೆ

ಈಗ ಸ್ವಲ್ಪ ಫಿಸಿಕ್ಸ್. ಹೆದರಬೇಡಿ, ಹೈಸ್ಕೂಲ್ ಮಟ್ಟದ್ದೇ.

ಅಮೆರಿಕದ ಸಾಕೆಟ್‌ನ ಪಕ್ಕದಲ್ಲಿ ಸ್ಕ್ರೂ ಇರುತ್ತೆ. ತಂತಿ ತುದಿಯನ್ನು ಕೊಕ್ಕೆ ತರ ಬಗ್ಗಿಸಿ ಸ್ಕ್ರೂಗೆ ಸುತ್ತಿ ಬಿಗಿ ಮಾಡ್ತಾರೆ. ಮೊದಲು ಈ ಸ್ಕ್ರೂ ಹಿತ್ತಾಳೆಯದ್ದಿತ್ತು. ಹಿತ್ತಾಳೆಯಲ್ಲೂ ತಾಮ್ರ ಇದೆ ಅಲ್ವಾ? ಅದೂ ದುಬಾರಿ. ಹಾಗಾಗಿ 60ರ ದಶಕದಲ್ಲಿ ಎಷ್ಟೋ ಸಾಕೆಟ್‌ಗಳಲ್ಲಿ ಸತುವಿನ ಲೇಪನದ ಉಕ್ಕಿನ ಸ್ಕ್ರೂ ಬಂತು. ಒಂದೇ ಕಾಲದಲ್ಲಿ ತಂತಿ ತಾಮ್ರದಿಂದ ಅಲ್ಯೂಮಿನಿಯಂಗೆ, ಸ್ಕ್ರೂ ಹಿತ್ತಾಳೆಯಿಂದ ಉಕ್ಕಿಗೆ.

ಬಿಸಿಯಾದ್ರೆ ಲೋಹ ಹಿಗ್ಗುತ್ತೆ, ಎಲ್ಲ ಲೋಹವೂ ಒಂದೇ ಸಮ ಹಿಗ್ಗಲ್ಲ. ಒಂದು ಮೀಟರ್ ಉದ್ದದ ಸರಳು ಒಂದು ಡಿಗ್ರಿ ಬಿಸಿಯಾದ್ರೆ ಉಕ್ಕು ಸುಮಾರು 12 ಮೈಕ್ರೋಮೀಟರ್, ತಾಮ್ರ 17, ಅಲ್ಯೂಮಿನಿಯಂ 23. ಅಂದ್ರೆ ಅಲ್ಯೂಮಿನಿಯಂ ಹಿಗ್ಗೋದು ಉಕ್ಕಿನ ಹತ್ತಿರ ಹತ್ತಿರ ಎರಡು ಪಟ್ಟು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತೀವಲ್ಲ, ಸ್ಕ್ರೂ ಕೆಳಗೆ ನಡೆದಿದ್ದು ಅದೇ.

ಹೀಟರ್ ಹಾಕಿದಾಗ ಕನೆಕ್ಷನ್ ಬಿಸಿಯಾಗುತ್ತೆ. ಅಲ್ಯೂಮಿನಿಯಂ ಹಿಗ್ಗೋಕೆ ನೋಡುತ್ತೆ, ಮೇಲಿರೋ ಉಕ್ಕು ಅಷ್ಟು ಜಾಗ ಬಿಡಲ್ಲ. ಆಗಿನ ಅಲ್ಯೂಮಿನಿಯಂ ತಂತಿ ಬಹಳ ಮೆದು. ಒತ್ತಡಕ್ಕೆ ಚಪ್ಪಟೆಯಾಗಿ ಪಕ್ಕಕ್ಕೆ ಸರಿಯುತ್ತೆ. ಹೀಟರ್ ಆಫ್ ಆದ ಮೇಲೆ ತಂತಿ ತಣ್ಣಗಾಗಿ ಕುಗ್ಗುತ್ತೆ, ಚಪ್ಪಟೆಯಾಗಿದ್ದು ಮಾತ್ರ ಹಿಂದಕ್ಕೆ ಬರಲ್ಲ. ಮೊದಲಿದ್ದ ಹಿಡಿತ ಒಂಚೂರು ಸಡಿಲ. ಇದು ದಿನಕ್ಕೆ ನಾಲ್ಕು ಸಲ, ವರ್ಷಕ್ಕೆ ನೂರಾರು ಸಲ.

ಇನ್ನೊಂದು ತೊಂದರೆ ತುಕ್ಕಿಂದು. ಅಲ್ಯೂಮಿನಿಯಂಗೆ ಗಾಳಿ ತಾಗಿದ ಕೂಡಲೇ ಮೇಲೊಂದು ತೆಳು ಆಕ್ಸೈಡ್ ಪದರ ಕೂರುತ್ತೆ. ಪಾತ್ರೆಗೆ ಅದು ರಕ್ಷೆ. ಕನೆಕ್ಷನ್‌ಗೆ ಅದೇ ಶತ್ರು, ಯಾಕಂದ್ರೆ ಈ ಪದರ ವಿದ್ಯುತ್ ಹರಿಯೋಕೆ ಬಿಡಲ್ಲ. ಸ್ಕ್ರೂ ಸಡಿಲ ಆದ ಸಂದಿಯಲ್ಲಿ ಗಾಳಿ, ಗಾಳಿಯಿಂದ ಆಕ್ಸೈಡ್, ಆಕ್ಸೈಡ್‌ನಿಂದ ಪ್ರತಿರೋಧ, ಪ್ರತಿರೋಧದಿಂದ ಇನ್ನಷ್ಟು ಬಿಸಿ, ಬಿಸಿಯಿಂದ ಇನ್ನಷ್ಟು ಸಡಿಲ. ಈ ಚಕ್ರ ಒಮ್ಮೆ ಶುರುವಾದ್ರೆ ತಾನಾಗಿ ನಿಲ್ಲಲ್ಲ.

ಭಾಗ 4/8 – ಎಂಸಿಬಿ ಯಾಕೆ ಸುಮ್ಮನಿತ್ತು?

"ಟ್ರಿಪ್ ಆಗಬೇಕಿತ್ತಲ್ಲ?" ಅಂತ ಎಲ್ಲರಿಗೂ ಅನ್ನಿಸುತ್ತೆ. ಒಂದು ಲೆಕ್ಕ ಮಾಡೋಣ.

ಅಮೆರಿಕದ ಮನೆಯಲ್ಲಿ 120 ವೋಲ್ಟ್. 1200 ವ್ಯಾಟ್‌ನ ರೂಮ್ ಹೀಟರ್ ಹಾಕಿದ್ರೆ 10 ಆಂಪಿಯರ್ ಹರಿಯುತ್ತೆ. ಸರ್ಕ್ಯೂಟ್‌ನ ಮಿತಿ 15. ಈಗ ಆ ದಾರಿಯಲ್ಲಿ ಒಂದು ಕೆಟ್ಟ ಕನೆಕ್ಷನ್ ಇದೆ, ಅದರ ಪ್ರತಿರೋಧ ಬರೀ ಅರ್ಧ ಓಮ್ ಅಂತಿಟ್ಕೊಳ್ಳಿ. ಕರೆಂಟ್‌ನ ವರ್ಗ ಗುಣಿಸು ಪ್ರತಿರೋಧ: 10 × 10 × 0.5 = 50 ವ್ಯಾಟ್.

50 ವ್ಯಾಟ್ ಅಂದ್ರೆ ಏನು? ಕಾಲೇಜ್ ಲ್ಯಾಬ್‌ನಲ್ಲಿರೋ 25 ವ್ಯಾಟ್ ಸೋಲ್ಡರಿಂಗ್ ಐರನ್ ಎರಡು. ಅವನ್ನ ಆನ್ ಮಾಡಿ ಗೋಡೆಯೊಳಗಿನ ಪುಟ್ಟ ಡಬ್ಬಿಯಲ್ಲಿಟ್ಟು ಮುಚ್ಚಿದ ಹಾಗೆ. ಅಮೆರಿಕದ ಮನೆಗಳ ಗೋಡೆ ಹೆಚ್ಚಾಗಿ ಮರದ ಚೌಕಟ್ಟಿನದು, ನಮ್ಮ ಇಟ್ಟಿಗೆ ಗೋಡೆ ಅಲ್ಲ.

ಎಂಸಿಬಿ ಕಡೆಯಿಂದ ನೋಡಿ. ಅದು ಲೆಕ್ಕ ಇಡೋದು ಎಷ್ಟು ಕರೆಂಟ್ ಹೋಗ್ತಿದೆ ಅಂತ ಮಾತ್ರ. ಕೆಟ್ಟ ಕನೆಕ್ಷನ್‌ನಿಂದ ಕರೆಂಟ್ ಹೆಚ್ಚಾಗಲ್ಲ, ಒಂಚೂರು ಕಡಿಮೆಯೇ ಆಗುತ್ತೆ. ಅದರ ಪಾಲಿಗೆ ಎಲ್ಲಾ ಸೊಗಸಾಗಿದೆ. ಮನೆಯವರಿಗೆ? 120ರಲ್ಲಿ 5 ವೋಲ್ಟ್ ಕಮ್ಮಿ ಆದ್ರೆ ಹೀಟರ್‌ನಲ್ಲಿ ವ್ಯತ್ಯಾಸ ಗೊತ್ತಾಗಲ್ಲ.

ಈಗ ಖಾಲಿ ಸಾಕೆಟ್ ವಿಷಯ. ಒಂದು ರೂಮಿನ ಸಾಕೆಟ್‌ಗಳಿಗೆ ತಂತಿ ಹೋಗೋದು ಮೊದಲನೆಯದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ. ಮೂರನೆಯದಕ್ಕೆ ಹೀಟರ್ ಹಾಕಿದ್ರೆ ಅಷ್ಟೂ ಕರೆಂಟ್ ಮೊದಲ ಎರಡರ ಸ್ಕ್ರೂ ದಾಟಿಯೇ ಬರಬೇಕು. ನೀವು ಕೂತಿರೋದು ಈ ಮೂಲೆಯಲ್ಲಿ, ಸೋಫಾ ಹಿಂದೆ ಸುಡ್ತಿರೋದು ಆ ಮೂಲೆಯ ಸಾಕೆಟ್. ಅದಕ್ಕೆ ಪ್ಲಗ್ ಹಾಕಿ ವರ್ಷಗಳೇ ಆಗಿರಬಹುದು.

ಭಾಗ 5/8 – ತಪ್ಪು ಯಾರದು?

ನನ್ನ ಪ್ರಕಾರ ಈ ಇತಿಹಾಸದ ತಿರುಳು ಇರೋದು ಈ ಭಾಗದಲ್ಲಿ.

ತಂತಿ ಕಂಪನಿ ಹೇಳ್ತು: ನಮ್ಮ ತಂತಿಯಲ್ಲಿ ದೋಷ ಇಲ್ಲ, ಇಡೀ ಉದ್ದ ನೋಡಿ. ನಿಜ, ಗೋಡೆಯೊಳಗಿನ ಉದ್ದ ತಂತಿ ಚೆನ್ನಾಗೇ ಇತ್ತು. ಸಾಕೆಟ್ ಕಡೆಯವರ ಮಾತು: ನಮ್ಮ ಸಾಕೆಟ್ ತಾಮ್ರದ ಜೊತೆ ದಶಕಗಟ್ಟಲೆ ನಡೆದಿದೆ. ಅದೂ ನಿಜ. ಇನ್ನು ಕೆಲವರು ಬೆರಳು ತೋರಿಸಿದ್ದು ಎಲೆಕ್ಟ್ರಿಷಿಯನ್ ಕಡೆಗೆ: ಸ್ಕ್ರೂ ಸರಿಯಾಗಿ ಬಿಗಿ ಮಾಡಿಲ್ಲ. ಕೆಲವು ಕಡೆ ಅದೂ ನಿಜ ಇರಬಹುದು. ಆದ್ರೆ ಲಕ್ಷಾಂತರ ಮನೆಯಲ್ಲಿ, ಸಾವಿರಾರು ಕೆಲಸಗಾರರ ಕೈಯಲ್ಲಿ ಮಾಡಿದ ಕನೆಕ್ಷನ್‌ಗಳು ಒಂದೇ ತರ ಕೆಡ್ತಾ ಹೋದ್ರೆ ಅದನ್ನು ಕೈತಪ್ಪು ಅನ್ನಕ್ಕಾಗಲ್ಲ. ತಂತಿಗೆ ಒಬ್ಬ ಒಡೆಯ, ಸಾಕೆಟ್‌ಗೆ ಒಬ್ಬ ಒಡೆಯ. ಇವೆರಡೂ ಸೇರೋ ಸಂದಿಗೆ ಒಡೆಯನೇ ಇರಲಿಲ್ಲ.

ಪರೀಕ್ಷಿಸಿ ಮುದ್ರೆ ಒತ್ತೋ ಸಂಸ್ಥೆ ಇತ್ತು: ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್, ಜನ ಕರೆಯೋದು ಯುಎಲ್ ಅಂತ. ಅಲ್ಯೂಮಿನಿಯಂ ಕಟ್ಟಡ ತಂತಿಗೆ ಅದರ ಮನ್ನಣೆ 1946ರಿಂದಲೇ ಇತ್ತು. ತಾಮ್ರಕ್ಕೂ ಅಲ್ಯೂಮಿನಿಯಂಗೂ ಆಗುತ್ತೆ ಅಂತ ಗುರುತು ಹಾಕಿದ ಸಾಕೆಟ್‌ಗಳೂ ಬಂದವು. ಅವೂ ಬಾಳಲಿಲ್ಲ. ಕೊನೆಗೆ 1970ರ ದಶಕದ ಶುರುವಿನಲ್ಲಿ ನಿಯಮ ಬಿಗಿಯಾಯ್ತು. ಹೊಸ ಮಿಶ್ರಲೋಹದ ತಂತಿ ಬಂತು, ಅಲ್ಯೂಮಿನಿಯಂಗೆ ಅಂತಲೇ ಪರೀಕ್ಷಿಸಿದ ಸಾಕೆಟ್ ಬಂತು. ಅದರ ಮೇಲಿನ ಗುರುತು "ಸಿಒ/ಎಎಲ್‌ಆರ್". ಅಷ್ಟರಲ್ಲಿ ಹಳೇ ತಂತಿ ಹಳೇ ಸಾಕೆಟ್ ಲಕ್ಷಾಂತರ ಗೋಡೆಗಳೊಳಗೆ ಸೇರಿ ಆಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ಅದೇ ಸಮಯಕ್ಕೆ ಅಮೆರಿಕ ಸರ್ಕಾರ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಂತ ಹೊಸ ಸಂಸ್ಥೆ ಕಟ್ಟಿತ್ತು. ಅದರ ಕಾನೂನು ಬಂದಿದ್ದು 1972ರಲ್ಲಿ. ಆಯೋಗ ದೂರು ಕೇಳಿತು, ವಿಚಾರಣೆ ನಡೆಸಿತು, 1977ರಲ್ಲಿ ತಯಾರಕರ ಮೇಲೆ ಕೋರ್ಟ್‌ಗೂ ಹೋಯ್ತು. ಅಲ್ಲಿ ಎದ್ದ ದೊಡ್ಡ ಪ್ರಶ್ನೆ ಏನು ಗೊತ್ತಾ? ತಂತಿ ಅಪಾಯವೋ ಅಲ್ಲವೋ ಅಂತ ಅಲ್ಲ. ಗೋಡೆಯೊಳಗಿನ ತಂತಿ "ಗ್ರಾಹಕ ಉತ್ಪನ್ನ" ಹೌದೋ ಅಲ್ಲವೋ ಅಂತ! ಕಂಪನಿಗಳ ವಾದ: ಗ್ರಾಹಕ ಕೊಳ್ಳೋದು ಮನೆ, ತಂತಿ ಅಲ್ಲ. ಈ ಜಗ್ಗಾಟದಲ್ಲೇ ವರ್ಷಗಳು ಹೋದವು. ಎಲ್ಲ ಮನೆಗಳನ್ನೂ ರಿಪೇರಿ ಮಾಡಿಕೊಡಿ ಅನ್ನೋ ಆದೇಶ ಬರಲೇ ಇಲ್ಲ. ಆಯೋಗಕ್ಕೆ ಉಳಿದ ದಾರಿ, ಜನಕ್ಕೆ ತಿಳಿಸಿ ಹೇಳೋದು.

ಭಾಗ 6/8 – 165 ಜೀವ, ಒಬ್ಬ ಜ್ಯೂರರ್

1977ರ ಮೇ 28ರ ರಾತ್ರಿ. ಕೆಂಟಕಿ ರಾಜ್ಯದ ಸೌತ್‌ಗೇಟ್. ಬೆವರ್ಲಿ ಹಿಲ್ಸ್ ಸಪ್ಪರ್ ಕ್ಲಬ್ ಅನ್ನೋ ದೊಡ್ಡ ಮನರಂಜನಾ ಮಂದಿರ, ಮಿತಿ ಮೀರಿ ಜನ. ಜೀಬ್ರಾ ರೂಮ್ ಅನ್ನೋ ಕೋಣೆಯಲ್ಲಿ ಕಾಣಿಸಿಕೊಂಡ ಬೆಂಕಿ ಇಡೀ ಕಟ್ಟಡಕ್ಕೆ ಹಬ್ಬಿತು. 165 ಜನ ಸತ್ತರು. ಸ್ಪ್ರಿಂಕ್ಲರ್ ಇರಲಿಲ್ಲ, ಹೊರಗೆ ಹೋಗೋ ದಾರಿ ಸಾಲದಾಗಿತ್ತು. ಅಷ್ಟು ಜನ ಸತ್ತಿದ್ದಕ್ಕೆ ಇವೆಲ್ಲ ಕಾರಣ. ಆದ್ರೆ ಬೆಂಕಿ ಹತ್ತಿದ್ದು ಎಲ್ಲಿಂದ?

ಸತ್ತವರ ಕಡೆಯ ವಕೀಲರು ಅಲ್ಯೂಮಿನಿಯಂ ವೈರಿಂಗ್ ಉದ್ಯಮದ ಮೇಲೆ ದಾವೆ ಹೂಡಿದರು. 1980ರಲ್ಲಿ ಜ್ಯೂರಿ ತೀರ್ಪು ಕಂಪನಿಗಳ ಪರ ಬಂತು. ಕಥೆ ಅಲ್ಲಿಗೆ ಮುಗೀಬೇಕಿತ್ತು.

ಮುಗೀಲಿಲ್ಲ. ಜ್ಯೂರಿಯಲ್ಲಿದ್ದ ಒಬ್ಬರು ಆಮೇಲೆ ಪತ್ರಿಕೆಗೆ ಪತ್ರ ಬರೆದರು. ಅದರಿಂದ ಹೊರಬಿದ್ದ ವಿಷಯ: ಅವರ ಸ್ವಂತ ಮನೆಯಲ್ಲೂ ಅಲ್ಯೂಮಿನಿಯಂ ವೈರಿಂಗ್ ಇತ್ತು. ವಿಚಾರಣೆ ನಡೀತಿರುವಾಗಲೇ ಮನೆಯ ಕನೆಕ್ಷನ್‌ಗಳನ್ನು ತಾವೇ ಪರೀಕ್ಷೆ ಮಾಡಿ, ಅದನ್ನ ಉಳಿದ ಜ್ಯೂರರ್‌ಗಳ ಹತ್ತಿರ ಹೇಳಿದ್ದರು. ಕೋರ್ಟ್‌ನಲ್ಲಿ ಇಲ್ಲದ ಸಾಕ್ಷ್ಯ ಜ್ಯೂರಿ ಕೋಣೆಗೆ ಬಂದ ಹಾಗಾಯ್ತು. 1982ರಲ್ಲಿ ಮೇಲ್ಮನವಿ ನ್ಯಾಯಾಲಯ ಮರುವಿಚಾರಣೆಗೆ ಆದೇಶ ಮಾಡಿತು. 1985ರಲ್ಲಿ ಎರಡನೇ ಜ್ಯೂರಿ ಅಲ್ಯೂಮಿನಿಯಂ ವೈರಿಂಗ್ ಕಡೆಗೇ ಬೆರಳು ತೋರಿಸಿತು.

ಆ ಜ್ಯೂರರ್ ಮಾಡಿದ್ದು ನಮ್ಮಲ್ಲಿ ಯಾರಾದ್ರೂ ಮಾಡೋ ಕೆಲಸವೇ. ಆದ್ರೆ ತರ್ಕ ನೋಡಿ: ನನ್ನ ಮನೆಯ ನಾಲ್ಕು ಸ್ಕ್ರೂ ಇವತ್ತು ಸರಿ ಇವೆ ಅಂದ್ರೆ ಬೇರೆ ಕಡೆ ಕೆಟ್ಟಿಲ್ಲ ಅಂತ ಅರ್ಥವಾ? ಒಂದು ಮನೆಯಲ್ಲಿ ಎಷ್ಟೋ ಡಜನ್ ಕನೆಕ್ಷನ್ ಇರುತ್ತೆ, ಹಾಳಾಗಬೇಕಾದ್ದು ಒಂದೇ ಒಂದು.

ಸಂಖ್ಯೆ ಬೇಕಾದ್ರೆ ಇಲ್ಲಿದೆ. ಆಯೋಗಕ್ಕಾಗಿ ಫ್ರಾಂಕ್ಲಿನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಮಾಡಿದ ಸಮೀಕ್ಷೆ ಪ್ರಕಾರ, 1972ಕ್ಕೆ ಮೊದಲು ಅಲ್ಯೂಮಿನಿಯಂ ವೈರಿಂಗ್ ಮಾಡಿದ ಮನೆಯ ಸಾಕೆಟ್ ಕನೆಕ್ಷನ್ "ಬೆಂಕಿ ಅಪಾಯ"ದ ಸ್ಥಿತಿ ಮುಟ್ಟೋ ಸಾಧ್ಯತೆ ತಾಮ್ರದ ಮನೆಗಿಂತ 55 ಪಟ್ಟು ಹೆಚ್ಚು. ಆ ಸ್ಥಿತಿ ಅಂದ್ರೆ ಮುಚ್ಚಳದ ಸ್ಕ್ರೂ 149 ಡಿಗ್ರಿ ಸೆಲ್ಸಿಯಸ್ ಮುಟ್ಟೋದು, ಇಲ್ಲಾ ಕಿಡಿ ಹಾರೋದು, ಇಲ್ಲಾ ಸುತ್ತ ಇರೋದು ಸುಟ್ಟು ಕರಕಲಾಗೋದು. ಗಮನಿಸಿ: 55 ಪಟ್ಟು ಮನೆ ಸುಡುತ್ತೆ ಅಂತ ಅಲ್ಲ, ಸುಡೋ ಅಂಚಿಗೆ ಬರುತ್ತೆ ಅಂತ. ಇದನ್ನ ಫಾರ್ವರ್ಡ್ ಮಾಡೋವಾಗ ದಯವಿಟ್ಟು ಸರಿಯಾಗಿ ಬರೀರಿ.

ಭಾಗ 7/8 – ಸರಿ ಮಾಡೋದು ಹೇಗೆ?

ಕೆನಡಾದಲ್ಲೂ ಇದೇ ಗಲಾಟೆ ಆಗಿತ್ತು. 1970ರ ದಶಕದ ಕೊನೆಯಲ್ಲಿ ಒಂಟಾರಿಯೊ ಪ್ರಾಂತ್ಯ ಇದಕ್ಕಂತಲೇ ವಿಚಾರಣಾ ಆಯೋಗ ಮಾಡಿತು. ಅದನ್ನ ನಡೆಸಿದವರು ಯಾರು ಅಂತ ಕೇಳಿದ್ರೆ ಭೂಗೋಳ ಓದಿದವರಿಗೆ ಖುಷಿ ಆಗುತ್ತೆ: ಜೆ. ಟೂಜೊ ವಿಲ್ಸನ್. ಭೂಫಲಕಗಳು ಒಂದನ್ನೊಂದು ಉಜ್ಜಿಕೊಂಡು ಸರಿಯೋ ಜಾಗ ಹೇಗಿರುತ್ತೆ ಅಂತ 1965ರಲ್ಲಿ ವಿವರಿಸಿದ ವಿಜ್ಞಾನಿ. ಭೂಮಿಯ ಸಂದಿ ನೋಡಿದವರು ಸಾಕೆಟ್‌ನ ಸಂದಿ ನೋಡೋಕೆ ಬಂದರು. ಅಲ್ಲೂ ಅಲ್ಯೂಮಿನಿಯಂ ಪೂರ್ತಿ ನಿಷೇಧ ಆಗಲಿಲ್ಲ. ಒತ್ತು ಬಿದ್ದಿದ್ದು ಸರಿಯಾದ ಸಾಕೆಟ್, ಸರಿಯಾದ ಕನೆಕ್ಷನ್ ಮೇಲೆ.

ಅಮೆರಿಕದ ಆಯೋಗ ಶಾಶ್ವತ ಪರಿಹಾರ ಅಂತ ಒಪ್ಪೋದು ಮೂರೇ ದಾರಿ.

ಒಂದು, ಇಡೀ ಮನೆಗೆ ಹೊಸ ತಾಮ್ರದ ವೈರಿಂಗ್. ಎಲ್ಲಕ್ಕಿಂತ ಒಳ್ಳೇದು, ಎಲ್ಲಕ್ಕಿಂತ ದುಬಾರಿ.

ಎರಡು, ಕೋಪಾಲಮ್ ಅನ್ನೋ ವಿಧಾನ. ಅಲ್ಯೂಮಿನಿಯಂ ತಂತಿ ತುದಿಗೆ ಒಂದು ಗಿಡ್ಡ ತಾಮ್ರದ ತುಂಡು ಸೇರಿಸಿ, ವಿಶೇಷ ಉಪಕರಣದಿಂದ ಭಾರೀ ಒತ್ತಡದಲ್ಲಿ ಒತ್ತಿ ಒಂದು ಮಾಡ್ತಾರೆ. ಸಾಕೆಟ್‌ಗೆ ಹೋಗೋದು ತಾಮ್ರದ ತುದಿ. ತರಬೇತಿ ಪಡೆದವರೇ ಮಾಡಬೇಕು.

ಮೂರು, ಅಲುಮಿಕಾನ್ ಅನ್ನೋ ಕನೆಕ್ಟರ್. ತಾಮ್ರಕ್ಕೊಂದು ತೂತು, ಅಲ್ಯೂಮಿನಿಯಂಗೊಂದು ತೂತು, ಎರಡಕ್ಕೂ ಬೇರೆ ಬೇರೆ ಸ್ಕ್ರೂ. ಎಷ್ಟು ಬಿಗಿ ಮಾಡಬೇಕು ಅನ್ನೋದಕ್ಕೆ ಅಳತೆ ಇದೆ.

ಸಿಒ/ಎಎಲ್‌ಆರ್ ಸಾಕೆಟ್ ಹಾಕೋದು ಏನೂ ಮಾಡದೆ ಬಿಡೋದಕ್ಕಿಂತ ಮೇಲು, ಆದ್ರೆ ಆಯೋಗದ ದೃಷ್ಟಿಯಲ್ಲಿ ಅದು ಪೂರ್ಣ ಪರಿಹಾರ ಅಲ್ಲ. ಎರಡು ತಂತಿ ಸೇರಿಸಿ ಟೋಪಿ ತರದ ಕ್ಯಾಪ್ ತಿರುಚಿ ಕೂರಿಸೋ ಅಗ್ಗದ ದಾರಿಯನ್ನೂ ಅದು ಶಾಶ್ವತ ಅಂತ ಒಪ್ಪಲ್ಲ. "ಎಲ್ಲ ಸ್ಕ್ರೂ ಒಂದ್ಸಲ ಟೈಟ್ ಮಾಡಿಬಿಡೋಣ" ಅನ್ನೋ ಐಡಿಯಾ? ಆಕ್ಸೈಡ್ ಕೂತ, ಸುಟ್ಟ ತಂತಿ ಮೇಲೆ ಸ್ಕ್ರೂ ಒತ್ತಿದ್ರೆ ಕನೆಕ್ಷನ್ ಹೊಸದಾಗಲ್ಲ, ತಂತಿ ತುಂಡಾಗಬಹುದು.

ಭಾಗ 8/8 – ನಮ್ಮ ಗೋಡೆಗಳು

"ನಮ್ಮ ಬೀದಿ ಕಂಬದಲ್ಲೂ ಅಲ್ಯೂಮಿನಿಯಮ್ಮೇ ಅಲ್ವಾ?" ಹೌದು. ಅಮೆರಿಕದಲ್ಲಿ ಇವತ್ತಿಗೂ ಮನೆಗೆ ಬರೋ ಮುಖ್ಯ ಲೈನ್‌ಗೆ ಅಲ್ಯೂಮಿನಿಯಂ ಬಳಸ್ತಾರೆ. ದಪ್ಪ ತಂತಿ, ಅದಕ್ಕೆ ಅಂತಲೇ ಮಾಡಿದ ಕನೆಕ್ಟರ್, ಅಳತೆ ಪ್ರಕಾರ ಬಿಗಿತ. ಲೋಹ ಅದೇ, ಸಂದಿ ಬೇರೆ.

ನಮ್ಮ ದೇಶದಲ್ಲೂ ತಾಮ್ರ ಬಹುಪಾಲು ಹೊರಗಿಂದ ತರಬೇಕಿದ್ದ, ವಿದೇಶಿ ವಿನಿಮಯ ಕೈಕಟ್ಟಿದ್ದ ಕಾಲ ಇತ್ತು. ಅಲ್ಯೂಮಿನಿಯಂ ಇಲ್ಲೇ ತಯಾರಾಗ್ತಿತ್ತು. ನಮ್ಮ ಬೆಳಗಾವಿಯಲ್ಲೇ 1970ರ ಸುಮಾರಿಗೆ ದೊಡ್ಡ ಕಾರ್ಖಾನೆ ಎದ್ದಿತ್ತು. ಹಾಗಾಗಿ ಆಗಿನ ಎಷ್ಟೋ ಮನೆಗಳ ಸ್ವಿಚ್‌ಬೋರ್ಡ್ ಹಿಂದೆ ಅಲ್ಯೂಮಿನಿಯಂ ತಂತಿ ಇದೆ. ಆಗ ಎರಡು ಬಲ್ಬು, ಒಂದು ರೇಡಿಯೋ. ಈಗ ಅದೇ ತಂತಿಗೆ ಗೀಸರ್, ಇಂಡಕ್ಷನ್ ಒಲೆ, ಐರನ್ ಬಾಕ್ಸ್. 55 ಪಟ್ಟು ಅನ್ನೋ ಅಂಕಿ ಅಮೆರಿಕದ ಸಾಕೆಟ್‌ಗಳದ್ದು, ನಮ್ಮದಕ್ಕೆ ಹಾಗೇ ಅಂಟಿಸೋಕೆ ಆಗಲ್ಲ. ಲೋಹದ ಗುಣ ಮಾತ್ರ ಎರಡೂ ಕಡೆ ಒಂದೇ.

ಏನು ಗಮನಿಸಬೇಕು?

• ಸಾಕೆಟ್ ಅಥವಾ ಸ್ವಿಚ್‌ನ ಮುಚ್ಚಳ ಮುಟ್ಟಿದ್ರೆ ಬೆಚ್ಚಗಿರೋದು.
• ಕಾರಣ ಇಲ್ಲದೆ ಲೈಟ್ ಮಿನುಗೋದು.
• ಪ್ಲಾಸ್ಟಿಕ್ ಸುಟ್ಟ ವಾಸನೆ, ಮುಚ್ಚಳ ಕಂದು ಬಣ್ಣಕ್ಕೆ ತಿರುಗಿರೋದು.
• ಒಂದು ಸಾಲಿನ ಪಾಯಿಂಟ್‌ಗಳು ಇದ್ದಕ್ಕಿದ್ದಂತೆ ಸತ್ತು, ಮತ್ತೆ ತಾವೇ ಬರೋದು.

ಇವು ಕಂಡ್ರೆ ಆ ಲೈನ್ ಆಫ್ ಮಾಡಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೀರಿ. ನೀವೇ ಸ್ಕ್ರೂಡ್ರೈವರ್ ಹಿಡೀಬೇಡಿ, ರೀಲ್ಸ್ ನೋಡಿ ಅಂತೂ ಬೇಡವೇ ಬೇಡ. ಯಾವ ಲಕ್ಷಣವೂ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಮನೆ ಹಳೇದಾದ್ರೆ ಒಮ್ಮೆ ತೋರಿಸಿ.

ಬೆಳ್ಳಿ ಬಣ್ಣದ ತಂತಿ ಎಲ್ಲವೂ ಅಲ್ಯೂಮಿನಿಯಂ ಅಲ್ಲ. ತುಂಬಾ ಹಳೇ ರಬ್ಬರ್ ಹೊದಿಕೆಯ ತಾಮ್ರದ ತಂತಿಗೆ ತವರದ ಕಲಾಯಿ ಇರ್ತಿತ್ತು, ಕತ್ತರಿಸಿದ ತುದಿಯಲ್ಲಿ ಕೆಂಪು ಕಾಣುತ್ತೆ. ಎಲೆಕ್ಟ್ರಿಷಿಯನ್ ನೋಡಿ ಹೇಳ್ತಾರೆ.

ಅಮೆರಿಕ, ಕೆನಡಾದಲ್ಲಿರೋ ಅಕ್ಕ ಅಣ್ಣಂದಿರೇ, ಬಾಡಿಗೆ ಮನೆ 1965–73ರ ನಡುವಿನದಾದ್ರೆ ಮಾಲೀಕರನ್ನ ಕೇಳಿ: ವೈರಿಂಗ್ ಯಾವುದು, ರಿಪೇರಿ ಆಗಿದೆಯಾ? ನೆಲಮಾಳಿಗೆಯಲ್ಲಿ ಕೇಬಲ್ ಕಾಣ್ತಿದ್ರೆ ಹೊದಿಕೆ ಮೇಲೆ "ಎಎಲ್" ಅಥವಾ "ಅಲ್ಯೂಮಿನಂ" ಅಂತ ಅಚ್ಚಾಗಿರುತ್ತೆ. ಅಲ್ಲಿ ಎಷ್ಟೋ ವಿಮಾ ಕಂಪನಿಗಳೇ ಈ ಪ್ರಶ್ನೆ ಕೇಳ್ತವೆ, ನೀವು ಕೇಳೋದ್ರಲ್ಲಿ ಸಂಕೋಚ ಏನು?

ಆ 20 ಲಕ್ಷ ಮನೆಗಳ ಇತಿಹಾಸ ಹೇಳೋದು ಇಷ್ಟು: ಅಗ್ಗದ ಲೋಹ ಹುಡುಕಿದ್ದು ತಪ್ಪಲ್ಲ. ಒಂದನ್ನ ಬದಲಿಸಿದಾಗ ಅದು ಯಾವುದಕ್ಕೆ ಸೇರುತ್ತೋ ಅದನ್ನೂ ನೋಡಬೇಕಿತ್ತು, ಅದು ಯಾರ ಕೆಲಸ ಅಂತ ಮೊದಲೇ ತೀರ್ಮಾನ ಆಗಬೇಕಿತ್ತು. ಆಗಲಿಲ್ಲ.

ಇವತ್ತು ರಾತ್ರಿ ಮನೆಯಲ್ಲಿ ಒಂದು ಕೆಲಸ ಮಾಡಿ. ಗೀಸರ್ ಅಥವಾ ಐರನ್ ಬಾಕ್ಸ್ ಸ್ವಲ್ಪ ಹೊತ್ತು ಓಡಿದ ಮೇಲೆ, ಒಣಗಿದ ಕೈಯಿಂದ ಆ ಪಾಯಿಂಟ್‌ನ ಮುಚ್ಚಳದ ಹೊರಗೆ ಮಾತ್ರ ಬೆನ್ನಗೈ ಇಟ್ಟು ನೋಡಿ. ತಣ್ಣಗಿದ್ರೆ ಒಳ್ಳೇದು. ಬೆಚ್ಚಗಿದ್ರೆ ಅಪ್ಪ ಅಮ್ಮನಿಗೆ ಈ ಸರಣಿ ಓದಿ ಹೇಳಿ, ನಾಳೆಯೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡ್ಸಿ.

#ಕನ್ನಡದಲ್ಲಿಇತಿಹಾಸ #ಮನೆವೈರಿಂಗ್ #ಅಲ್ಯೂಮಿನಿಯಂ